ನಮ್ಮ ಅಳತೆಯ ಉಡುಪು

ಹಬ್ಬ ಹತ್ತಿರ ಬಂತೆಂದರೆ ನಮ್ಮೂರಿನ ಟೈಲರ್ ಅಂಗಡಿಗಳಲ್ಲಿ ಒಂದು ಬೋರ್ಡು ತೂಗುತ್ತದೆ: 'ಹೊಸ ಆರ್ಡರ್ ಇಲ್ಲ.' ಹದಿನೈದು ಉಪವಾಸ ಕಳೆಯುವ ಮೊದಲೇ ಬಟ್ಟೆ ಕೊಟ್ಟವರು ಬಚಾವು. 2010ರ ರಮಝಾನ್‌ನಲ್ಲಿ ನಾವು ತಡವಾಗಿ ಹೋಗಿ ಬಟ್ಟೆಯ ಕಟ್ಟನ್ನು ಹಾಗೆಯೇ ಕಂಕುಳಲ್ಲಿಟ್ಟು ಮಳೆಯಲ್ಲಿ ಮರಳಿ ಬಂದೆವು.

ನಾವೆಂದರೆ ಮೂವರು ಅಕ್ಕತಂಗಿಯರು. ಮಂಗಳೂರಿನಿಂದ ಬಸ್ಸಿನಲ್ಲಿ ಒಂದು ತಾಸಿನ ಊರು ನಮ್ಮದು. ಆ ವರ್ಷ ಎಲ್ಲೆಲ್ಲೂ ಅನಾರ್ಕಲಿ ಚೂಡಿದಾರದ್ದೇ ಮಾತು. ಎದೆಯ ಕೆಳಗಿನಿಂದ ಕೊಡೆಯಂತೆ ಅರಳುವ ಆ ಉಡುಪು ಅಂಗಡಿಗಳಲ್ಲಿ ರೆಡಿಮೇಡ್ ಆಗಿಯೂ ಸಿಗುತ್ತಿತ್ತು. ಆದರೆ ನಮಗೊಂದು ತೊಡಕಿತ್ತು. ನಮ್ಮಲ್ಲೊಬ್ಬಳ ಎಡಭುಜ ಬಲಭುಜಕ್ಕಿಂತ ಒಂದು ಇಂಚು ತಗ್ಗು. ಅದು ಯಾರೆಂದು ಇಲ್ಲಿ ಬರೆಯುವುದಿಲ್ಲ. ಯಾವ ರೆಡಿಮೇಡ್ ಹಾಕಿದರೂ ಕುತ್ತಿಗೆ ಒಂದು ಕಡೆಗೆ ಜಾರುತ್ತಿತ್ತು. ಹೊಲಿಯಲು ಕೊಟ್ಟರೂ ಅದೇ ಕತೆ. ಒಮ್ಮೆ ಒಬ್ಬ ಟೈಲರ್ ನಾಲ್ಕು ಜನರ ಎದುರು, "ನನ್ನ ಹೊಲಿಗೆಯಲ್ಲಿ ದೋಷ ಇಲ್ಲ, ಇವರ ಮೈಯಲ್ಲೇ ಉಂಟು" ಎಂದುಬಿಟ್ಟ. ಅಂದಿನಿಂದ ಸುಡುಬೇಸಗೆಯಲ್ಲೂ ಅವಳ ಹೆಗಲ ಮೇಲೆ ಅಗಲದ ಶಾಲು ಬಂದು ಕೂತಿತು. ಹಬ್ಬದ ಉಡುಪಿನ ಮಾತೆತ್ತಿದರೆ "ನನಗೆ ಬೇಡ" ಎನ್ನುವುದು ಅವಳಿಗೆ ರೂಢಿಯಾಯಿತು.

ಮನೆಯ ಮೂಲೆಯಲ್ಲಿ ಉಮ್ಮನ ತುಳಿಯುವ ಹೊಲಿಗೆ ಮೆಷಿನ್ ಇತ್ತು. ಬೀಡಿ ಕಟ್ಟಿದ ಹಣದಿಂದ ಕಂತಿನಲ್ಲಿ ತೆಗೆದದ್ದು. ಯಂತ್ರಗಳ ಬಗ್ಗೆ ಅಷ್ಟು ಕಟುವಾಗಿ ಮಾತನಾಡಿದ ಗಾಂಧೀಜಿಯವರೂ 1924ರಲ್ಲಿ ಸಿಂಗರ್ ಹೊಲಿಗೆ ಯಂತ್ರಕ್ಕೆ ವಿನಾಯಿತಿ ಕೊಟ್ಟಿದ್ದರು. ಮನುಷ್ಯ ಕಂಡುಹಿಡಿದ ಕೆಲವೇ ಉಪಯುಕ್ತ ವಸ್ತುಗಳಲ್ಲಿ ಅದೂ ಒಂದೆಂಬುದು ಅವರ ಅಭಿಪ್ರಾಯವಾಗಿತ್ತು. ಉಮ್ಮನಿಗೆ ಇದೆಲ್ಲ ತಿಳಿದಿರಲಿಲ್ಲ. ಹಗಲು ಬೀಡಿಯ ಮೊರ, ರಾತ್ರಿ ಮೆಷಿನ್, ನಡುವೆ ಒಲೆ. ಇಷ್ಟೇ ಅವರ ಲೋಕ. ನೆರೆಕರೆಯ ಮಕ್ಕಳ ಫ್ರಾಕು, ಲಂಗ, ಹೆಂಗಸರ ರವಿಕೆ, ಹಳೆಯ ಬಟ್ಟೆಯ ರಿಪೇರಿ ಎಲ್ಲವನ್ನೂ ಹೊಲಿಯುತ್ತಿದ್ದರು. ಅನಾರ್ಕಲಿಯನ್ನು ಮಾತ್ರ ಹೊಲಿದಿರಲಿಲ್ಲ.

"ಮನೆಯಲ್ಲೇ ಹೊಲಿಯುವ" ಎಂದು ನಾವೇ ಹೇಳಿದೆವು. ಮನೆಗೆ ಬಂದಿದ್ದ ಸಂಬಂಧಿಕರೊಬ್ಬರು, "ಉಪವಾಸದ ತಿಂಗಳಲ್ಲಿ ಇದೆಂಥ ಸ್ಟೈಲಿನ ಚಿಂತೆ?" ಎಂದರು. ಉಮ್ಮ ತಲೆ ಎತ್ತದೆ, "ಕೈಗೆ ಕೆಲಸ ಇದ್ದರೆ ಬಾಯಿಗೆ ಪರನಿಂದೆ ಬರುವುದಿಲ್ಲ" ಎಂದರು. ಆಮೇಲೆ ಆ ಮಾತು ಮುಂದುವರಿಯಲಿಲ್ಲ.

ಬಟ್ಟೆ ಒಟ್ಟು ಐದೂವರೆ ಮೀಟರ್, 44 ಇಂಚು ಅಗಲದ ಕಾಟನ್. ಕಾಟನ್ ಬಟ್ಟೆಯನ್ನು ನೀರಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಹಾಕಿಯೇ ಕತ್ತರಿಸಬೇಕು. ಇಲ್ಲದಿದ್ದರೆ ಮೊದಲ ಒಗೆತಕ್ಕೇ ಕುಗ್ಗುತ್ತದೆ. ಹೊರಗೆ ಜಡಿಮಳೆ. ಫ್ಯಾನಿನ ಕೆಳಗೆ ಒಣಗಿಸಲು ಎರಡು ದಿನ ಹಿಡಿಯಿತು. ಲೈನಿಂಗ್ ಬಟ್ಟೆಯನ್ನು ಮಾತ್ರ ನೆನೆಸದೆ ಬಿಟ್ಟೆವು. ಒಳಗಿರುವ ಬಟ್ಟೆ, ಯಾರು ನೋಡುತ್ತಾರೆ ಎಂಬ ಉಡಾಫೆ.

ಇನ್ನು ಅಳತೆ. ಸಾಧಾರಣವಾಗಿ ಬಟ್ಟೆಯನ್ನು ಮಡಿಸಿ, ಅರ್ಧ ಮೈಯ ಗುರುತು ಹಾಕಿ ಕತ್ತರಿಸುತ್ತಾರೆ. ಬಿಡಿಸಿದಾಗ ಎಡಬಲ ಒಂದೇ ಸಮ. ನಾವೂ ಹಾಗೆಯೇ ಮಡಿಸಿದೆವು. ಉಮ್ಮ ಬಂದು ಆ ಮಡಿಕೆಯನ್ನು ಬಿಡಿಸಿಬಿಟ್ಟರು. "ಬೀಡಿ ಎಲೆಗೆ ಅಚ್ಚು ಉಂಟು. ತಗಡಿನ ಅಚ್ಚಿಟ್ಟು ಕತ್ತರಿಸಿದರೆ ಸಾವಿರ ಎಲೆಯೂ ಒಂದೇ. ಮನುಷ್ಯರ ಮೈಗೆ ಅಚ್ಚು ಎಲ್ಲಿಂದ?" ಎಂದರು. ಟೇಪು ಹಿಡಿದು ಎರಡೂ ಭುಜಗಳ ತುದಿಯಿಂದ ಸೊಂಟದವರೆಗೆ ಬೇರೆಬೇರೆಯಾಗಿ ಅಳೆದರು. ಎಡಗಡೆ ಭುಜದ ಗೆರೆಯನ್ನು ಒಂದು ಇಂಚು ಇಳಿಸಿದರು. ತೋಳು ಕೂರಿಸುವ ಸುತ್ತು ಬಿಗಿಯಾಗದಂತೆ ಕಂಕುಳನ್ನೂ ಅಷ್ಟೇ ಇಳಿಸಿದರು. ಯಾರೂ ಏನೂ ಮಾತನಾಡಲಿಲ್ಲ. ಇಷ್ಟು ವರ್ಷ ಒಬ್ಬಳನ್ನು ಹಿಂಡಿದ ಸಂಕಟ ಸೀಮೆಸುಣ್ಣದ ಎರಡು ಗೆರೆಗಳಲ್ಲಿ ಮುಗಿದಿತ್ತು.

ಕೊಡೆಯ ಭಾಗದ ಲೆಕ್ಕ ನಮಗೆ ಬಿಟ್ಟದ್ದು. ಶಾಲೆಯಲ್ಲಿ ವೃತ್ತದ ಸುತ್ತಳತೆಯ ಸೂತ್ರವನ್ನು ಬಾಯಿಪಾಠ ಮಾಡುವಾಗ, ಇದು ಯಾವ ಸೀಮೆಗೆ ಉಪಯೋಗ ಎಂದು ಗೊಣಗಿದವರು ನಾವು. ಮೇಲಿನ ಭಾಗದ ಸುತ್ತಳತೆ 34 ಇಂಚು. ಅದನ್ನು 6.28ರಿಂದ ಭಾಗಿಸಿದರೆ ಸುಮಾರು ಐದೂವರೆ ಇಂಚು. ನಡುವಿನ ತೂತಿಗೆ ಅಷ್ಟು ತ್ರಿಜ್ಯ. ಅಲ್ಲಿಂದ ಕೆಳಗೆ 32 ಇಂಚು ಉದ್ದ. ಎರಡು ಅರ್ಧವೃತ್ತಗಳಿಗೆ ನಾಲ್ಕು ಮೀಟರ್ ಬೇಕಾಯಿತು. ಉಳಿದದ್ದರಲ್ಲಿ ಮೇಲಿನ ಭಾಗ ಮತ್ತು ಉದ್ದ ತೋಳು. ಕತ್ತರಿ ಹಿಡಿದಾಗ ಕೈ ನಡುಗಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರಲ್ಲ, ಬಟ್ಟೆಯೂ ಹಾಗೆಯೇ.

ಮೊದಲು ಸೂಜಿಯಲ್ಲಿ ಕಚ್ಚಾ ಹೊಲಿಗೆ, ಮೈಮೇಲೆ ಹಾಕಿ ನೋಡಿದ ಮೇಲೆ ಮೆಷಿನ್ ಹೊಲಿಗೆ. ಬದಿಗಳಲ್ಲಿ ಎರಡೆರಡು ಇಂಚು ಬಟ್ಟೆ ಒಳಗೆ ಬಿಡಿರೆಂದು ಉಮ್ಮ ಹೇಳಿದ್ದರು. ಇಷ್ಟೊಂದು ಏಕೆಂದು ನಮಗೆ ಅರ್ಥವಾಗಲಿಲ್ಲ. ಹೊಲಿದ ಮೇಲೆ ಉಡುಪನ್ನು ಒಂದು ರಾತ್ರಿ ಬಾಗಿಲಿಗೆ ತೂಗುಹಾಕಿದೆವು. ವೃತ್ತಾಕಾರದಲ್ಲಿ ಕತ್ತರಿಸಿದ ಬಟ್ಟೆ, ಓರೆ ಬಂದ ಕಡೆಗಳಲ್ಲಿ ತನ್ನ ಭಾರಕ್ಕೆ ತಾನೇ ಇಳಿಯುತ್ತದೆ. ಬೆಳಿಗ್ಗೆ ನೋಡಿದರೆ ಅಂಚು ಅಲ್ಲಲ್ಲಿ ಒಂದಿಂಚು ಜೋತಿತ್ತು. ಅದನ್ನು ಸಮ ಮಾಡಿ, ಮಡಚಿ ಹೊಲಿದಾಗ ಇಪ್ಪತ್ತೇಳನೆಯ ಉಪವಾಸ ಮುಗಿದಿತ್ತು. ಮೂವರಿಗೆಂದು ಹೊರಟವರಿಗೆ ಸಿದ್ಧವಾದದ್ದು ಒಂದೇ ಉಡುಪು. ಅದು ಯಾರಿಗೆಂದು ಚರ್ಚೆಯೇ ಆಗಲಿಲ್ಲ.

ಹಬ್ಬದ ದಿನ ಅವಳು ಶಾಲನ್ನು ತಲೆಗೆ ಸುತ್ತಿಕೊಂಡು, ಹೆಗಲನ್ನು ಅದರ ಪಾಡಿಗೆ ಬಿಟ್ಟು ಹೊರಟಳು. ದಾರಿಯಲ್ಲಿ ಪಕ್ಕದ ಮನೆಯಾಕೆ ನಿಲ್ಲಿಸಿ, "ಎಲ್ಲಿಂದ ತೆಗೆದದ್ದು?" ಎಂದು ಕೇಳಿದರು. ನಮ್ಮೂರಿನಲ್ಲಿ ಒಂದು ಉಡುಪಿಗೆ ಇದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ.

ಮೊದಲ ಒಗೆತಕ್ಕೇ ಲೈನಿಂಗ್ ಕುಗ್ಗಿ, ಮೇಲಿನ ಬಟ್ಟೆ ಸುಕ್ಕುಗಟ್ಟಿ ನಿಂತಿತು. ನಾವು ಅಳುವುದೊಂದು ಬಾಕಿ. ಉಮ್ಮ ಬ್ಲೇಡು ಹಿಡಿದು ಹೊಲಿಗೆ ಬಿಚ್ಚಲು ಕುಳಿತರು. ಒಳಗೆ ಬಿಟ್ಟಿದ್ದ ಆ ಎರಡಿಂಚು ಬಟ್ಟೆಯೇ ಅಂದು ನಮ್ಮ ಮಾನ ಉಳಿಸಿತು. "ಬಿಚ್ಚಲು ಬೇಸರ ಪಡುವವಳು ಹೊಲಿಯಲು ಕೂರಬಾರದು" ಎಂಬುದು ಅವರು ಕಲಿಸಿದ ಕೊನೆಯ ಪಾಠ.

ಕೊನೆಯದೆಂದು ನಾವು ತಿಳಿದಿದ್ದೆವು. ಎರಡು ತಿಂಗಳ ನಂತರ ಬಕ್ರೀದ್ ಬಂತು. ನಮ್ಮಿಬ್ಬರ ಉಡುಪಿಗಾಗಿ ಉಮ್ಮನ ಅಳತೆಯ ನೋಟುಪುಸ್ತಕ ತೆರೆದೆವು. ಅದರಲ್ಲಿ ನೆರೆಕರೆಯ ಹೆಂಗಸರು, ಮಕ್ಕಳು, ಮದುವೆಯಾಗಿ ಹೋದವರು, ತೀರಿಹೋದ ಅಜ್ಜಿ, ಎಲ್ಲರೂ ಇದ್ದರು. ಉಮ್ಮನ ಹೆಸರು ಮಾತ್ರ ಇರಲಿಲ್ಲ. ಊರಿಗೆಲ್ಲ ಹೊಲಿದವರು ತಮಗಾಗಿ ಹೊಸ ಬಟ್ಟೆಗೆ ಕತ್ತರಿ ಹಾಕಿದ್ದನ್ನು ನಾವು ಕಂಡಿರಲೇ ಇಲ್ಲ. ಹಳೆಯದನ್ನೇ ಬಿಚ್ಚಿ ಸರಿಪಡಿಸಿ ಹಾಕಿಕೊಳ್ಳುತ್ತಿದ್ದರು. ಅವರ ಕೈಯಿಂದ ಅಷ್ಟೆಲ್ಲ ಕಲಿತ ನಮ್ಮ ಕಣ್ಣಿಗೆ ಅದು ಬಿದ್ದಿರಲಿಲ್ಲ ಎಂಬುದನ್ನು ಇಂದಿಗೂ ನಾಚಿಕೆಯಿಂದಲೇ ಬರೆಯುತ್ತಿದ್ದೇವೆ.

ಅಂದು ಮೂವರೂ ಸೇರಿ ಉಮ್ಮನ ಅಳತೆ ತೆಗೆದೆವು. "ನನಗೆಂಥ ಸ್ಟೈಲು ಈ ಪ್ರಾಯದಲ್ಲಿ?" ಎಂದು ನಕ್ಕರು. ಟೇಪು ಹಿಡಿದಾಗ ತಿಳಿಯಿತು, ವರ್ಷಾನುಗಟ್ಟಲೆ ಮೊರದ ಮುಂದೆ ಬಾಗಿ ಕುಳಿತ ಬೆನ್ನು ಗೂನಾಗಿತ್ತು. ಅಚ್ಚಿನ ಅಳತೆ ಅವರಿಗೂ ಹೊಂದುತ್ತಿರಲಿಲ್ಲ. ಹಿಂಭಾಗವನ್ನು ಮುಂಭಾಗಕ್ಕಿಂತ ಉದ್ದವಾಗಿ ಕತ್ತರಿಸಿ ಹೊಲಿದೆವು. ಎಲ್ಲ ಮುಗಿಯುವಾಗ ಮೆಲ್ಲನೆ, "ಕುತ್ತಿಗೆಗೆ ಒಂದು ಪೈಪಿಂಗ್ ಕೊಡಬಹುದಲ್ವಾ?" ಎಂದರು.

ಮನೆಯಲ್ಲಿ ಹೊಲಿದರೆ ಯಾವಾಗಲೂ ಅಗ್ಗವೆಂದು ನಾವು ಹೇಳುವುದಿಲ್ಲ. ಬಟ್ಟೆ, ಲೈನಿಂಗ್, ಲೇಸು, ನೂಲು ಎಲ್ಲ ಸೇರಿದರೆ ರೆಡಿಮೇಡ್ ಕುರ್ತಿಯೇ ಕಡಿಮೆಗೆ ಸಿಕ್ಕೀತು. ಕಲಿಯಲು ಇಂದು ಮೊಬೈಲಿನಲ್ಲಿ ಬೇಕಾದಷ್ಟು ವೀಡಿಯೊಗಳಿವೆ. ಆದರೆ ಅಂಗಡಿಯ ಉಡುಪು ಹೊಂದದಿದ್ದಾಗ ನಮ್ಮ ಮೈಯನ್ನೇ ಹಳಿದುಕೊಳ್ಳುವ ಎಷ್ಟೋ ಹೆಣ್ಣುಮಕ್ಕಳಿದ್ದಾರೆ. ತಪ್ಪು ಅಚ್ಚಿನದ್ದು, ಮೈಯದ್ದಲ್ಲ ಎಂಬುದು ಒಮ್ಮೆ ಸ್ವಂತ ಕೈಯಿಂದ ಕತ್ತರಿಸಿ ಹೊಲಿದವರಿಗೆ ಬೇಗ ತಿಳಿಯುತ್ತದೆ.

ಸಹೋದರಿಯರೇ, ನಿಮ್ಮ ಮನೆಯಲ್ಲೂ ಒಂದು ಹೊಲಿಗೆ ಮೆಷಿನ್ ಇರಬಹುದು. ಅದರ ಮುಂದೆ ಕುಳಿತು ಎಲ್ಲರಿಗಾಗಿ ಹೊಲಿದವರೂ ಇರಬಹುದು. ಈ ಹಬ್ಬಕ್ಕೆ ಅವರ ಅಳತೆ ತೆಗೆದುಕೊಂಡಿದ್ದೀರಾ?