ಕುಪ್ಪಳಿಯ ಗೂಡು

ಹೊರನಾಡಿನ ಕನ್ನಡ ಸಂಘಗಳ ಸಮಾರಂಭಗಳಲ್ಲಿ ಕುವೆಂಪು ಅವರ ‘ಹೋಗುವೆನು ನಾ’ ಕವನವನ್ನು ಕೇಳದವರು ವಿರಳ. ಮುಂಬಯಿಯಲ್ಲೋ ದಿಲ್ಲಿಯಲ್ಲೋ ಹುಟ್ಟಿದ ನಮ್ಮ ಮಕ್ಕಳೂ ಅದನ್ನು ಇಂಪಾಗಿ ಹಾಡುತ್ತಾರೆ. ಆ ಹಾಡಿನ ಒಲುಮೆಯ ಗೂಡು ಎಲ್ಲಿದೆಯೆಂದು ಮಕ್ಕಳು ಕೇಳಿದರೆ ತೋರಿಸುವುದು ಕಷ್ಟವೇನಲ್ಲ. ಶಿವಮೊಗ್ಗೆಯಿಂದ ತುಂಗಾತೀರದ ತೀರ್ಥಹಳ್ಳಿಗೆ ಸುಮಾರು 60 ಕಿಲೋಮೀಟರು. ಅಲ್ಲಿಂದ ಕೊಪ್ಪದ ಕಡೆಗೆ ಇನ್ನಷ್ಟು ಸಾಗಿದರೆ ಕುಪ್ಪಳಿ.

ಕವಿ ಬಾಲ್ಯ ಕಳೆದ ಮನೆ ಈಗ ವಸ್ತುಸಂಗ್ರಹಾಲಯವಾಗಿದೆ. ದೊಡ್ಡ ತೊಟ್ಟಿಮನೆ, ಮರದ ಕಂಬಗಳು, ಉಪ್ಪರಿಗೆ. ಇಂಥ ಮನೆಯಲ್ಲಿ ಬೆಳೆದವರು ‘ಗೂಡು’ ಎಂದರೇಕೆ? ಹೊರಗೆ ಬಂದು ಸುತ್ತಣ ಕಾಡುಗುಡ್ಡಗಳನ್ನು ನೋಡಿದರೆ ತಿಳಿಯುತ್ತದೆ: ಗೂಡೆಂದರೆ ಈ ಮನೆಯೊಂದೇ ಅಲ್ಲ, ಮಲೆನಾಡೇ ಗೂಡು. ಗೂಡು ಕಾವು ಕೊಡುತ್ತದೆ, ರೆಕ್ಕೆ ಬಲಿತ ಮೇಲೆ ಹಾರಗೊಡುತ್ತದೆ.

ಹಾಗೆ ಹಾರಿದ ಹಕ್ಕಿ ಇಳಿದದ್ದು ಮೈಸೂರಿನಲ್ಲಿ. ಓದು, ಅಧ್ಯಾಪನ, ವಿಶ್ವವಿದ್ಯಾನಿಲಯದ ಕುಲಪತಿ ಪದವಿ, ‘ಉದಯರವಿ’ ಮನೆ, ಬಹುಪಾಲು ಅಲ್ಲಿಯೇ. ಆದರೂ ಕವನದಲ್ಲಿ ಬಯಲು ಬೇಸರ ತಂದಿದೆ. ಇದು ಉಂಡ ಮನೆಯ ನಿಂದೆಯಲ್ಲ. ಮೈಸೂರಿನಲ್ಲಿ ವರುಷಕ್ಕೆ ಸುಮಾರು 800 ಮಿಲಿಮೀಟರು ಮಳೆ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ 7,000ಕ್ಕೂ ಮೇಲೆ! ಹಂಚಿನ ಮೇಲೆ ಸುರಿವ ಮಳೆಯ ಸದ್ದಿನಲ್ಲಿ ನಿದ್ದೆಹೋದ ಮಗುವಿನ ಕಿವಿಗೆ ಬಯಲಿನ ಮೌನ ಬೇಸರವೆನಿಸಿದರೆ ಆಶ್ಚರ್ಯವೇನು? ಈ ಮಳೆಯ ಅರ್ಥ ತಿಳಿಯಬೇಕೆನ್ನುವವರು ಆಷಾಢದಲ್ಲೇ ಕುಪ್ಪಳಿಗೆ ಹೋಗಬೇಕು. ಜೊತೆಗೆ ಕೊಡೆ, ಇಂಬಳ ಹತ್ತಿದರೆ ಹಚ್ಚಲು ಚಿಟಿಕೆ ಸುಣ್ಣ!

ಇನ್ನೊಂದು ಮಾತನ್ನು ಗಮನಿಸಬೇಕು. ಬಾಲ್ಯದ ನೆನಪೆಂದರೆ ಸಾಮಾನ್ಯವಾಗಿ ‘ಆಡಿದ್ದೆ, ನೋಡಿದ್ದೆ’ ಎಂಬ ಭೂತಕಾಲ. ಇಲ್ಲಿ ಹಾಗಿಲ್ಲ, ‘ಹೋಗುವೆನು’ ಎಂಬುದು ಇನ್ನೂ ಮುಂದಿರುವ ದಾರಿ. ಮೈಸೂರಿನ ವಾಸವನ್ನು ಬಿಡದೆಯೇ ಕವಿ ಆ ದಾರಿಯನ್ನು ನಡೆದರು. ‘ಮಲೆನಾಡಿನ ಚಿತ್ರಗಳು’ (1933), ‘ಕಾನೂರು ಹೆಗ್ಗಡಿತಿ’ (1936), ‘ಮಲೆಗಳಲ್ಲಿ ಮದುಮಗಳು’ (1967), ಇವೆಲ್ಲ ಆ ಪಯಣಗಳೇ ಅಲ್ಲವೆ? 1994ರ ನವೆಂಬರಿನಲ್ಲಿ ಮೈಸೂರಿನಲ್ಲಿ ತೀರಿಕೊಂಡ ಅವರಿಗೆ ಅಂತ್ಯಕ್ರಿಯೆ ನಡೆದದ್ದು ಮನೆಯ ಮೇಲಣ ಗುಡ್ಡದ ಕವಿಶೈಲದಲ್ಲಿ.

ನಮ್ಮಲ್ಲಿ ಒಬ್ಬರ ಗೂಡು ಮಲೆನಾಡು, ಇನ್ನೊಬ್ಬರದು ಧಾರವಾಡದ ಕೆಮ್ಮಣ್ಣು, ಮತ್ತೊಬ್ಬರದು ಕರಾವಳಿ. ನಮಗಾದರೋ ಅಲ್ಲಿ ನೆನಪುಗಳಿವೆ. ನಮ್ಮ ಮಕ್ಕಳಿಗೆ ಅವೂ ಇಲ್ಲ. ಹಾಡು ಅವರ ಪಾಲಿಗೆ ಬರಿಯ ರಾಗವಾಗಿ ಉಳಿದೀತೆಂಬ ಅಳುಕು ಹೆತ್ತವರಿಗೆ ಸಹಜ. ಆದರೆ ಕವಿ ತಮ್ಮ ಕವನವನ್ನು ‘ಮರಳುವೆನು’ ಎಂದು ಕರೆಯಲಿಲ್ಲ. ಕಾಣದ ಊರಿಗೆ ಯಾರೂ ಮರಳಲಾರರು, ಹೋಗಬಹುದು. ಬರುವ ರಜೆಯಲ್ಲಿ ಮಕ್ಕಳನ್ನು ಒಮ್ಮೆ ಕರೆದುಕೊಂಡು ಹೋಗಿ.