ಗಂಟೆಗಳ ಲೆಕ್ಕವೊಂದೇ ಸಾಲದು

ಈಗಷ್ಟೇ ಬಸ್ಸಿನಲ್ಲಿ, ಮುಂದಿನ ಸೀಟಿನ ಹದಿನೈದು-ಹದಿನಾರರ ಹುಡುಗಿಯೊಬ್ಬಳು ಮೊಬೈಲನ್ನು ಬ್ಯಾಗಿನೊಳಗಿಟ್ಟು, ಜಿಪ್ಪೆಳೆದು, ಮುಂದಿನ ಸ್ಟಾಪು ಬರುವ ಮೊದಲೇ ಮತ್ತೆ ಹೊರತೆಗೆದು ಇನ್‌ಸ್ಟಾಗ್ರಾಂ ತೆರೆದುದನ್ನು ಕಂಡು, ನನ್ನ ಪಕ್ಕದ ಹಿರಿಯರೊಬ್ಬರು "ಇದೂ ಕುಡಿತದ ಹಾಗೆಯೇ ಒಂದು ಚಟ ನೋಡಿ" ಎಂದರು. ಆ ತೀರ್ಪನ್ನು ಅಷ್ಟು ಶೀಘ್ರವಾಗಿ ಅಂಗೀಕರಿಸಲು ನನ್ನ ಮನಸ್ಸು ಒಡಂಬಡಲಿಲ್ಲ.

2022ರಿಂದ ಜಾರಿಯಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ರೋಗವರ್ಗೀಕರಣವು ವಿಡಿಯೋ ಗೇಮಿನ ಅತ್ಯಾಸಕ್ತಿಯನ್ನು ವ್ಯಾಧಿಯೆಂದು ಪರಿಗಣಿಸಿದೆಯಾದರೂ, ಸಾಮಾಜಿಕ ಜಾಲತಾಣಗಳ ಬಳಕೆಗೆ ಅಂತಹ ಪ್ರತ್ಯೇಕ ಸ್ಥಾನವನ್ನು ಕೊಟ್ಟಿಲ್ಲ; ಗೇಮಿನ ವಿಷಯದಲ್ಲಿಯೂ ಅದು ಕೇಳುವುದು ಎಷ್ಟು ಗಂಟೆ ಆಡಿದರೆಂಬುದನ್ನಲ್ಲ, ಹಿಡಿತ ತಪ್ಪಿದೆಯೇ, ಬದುಕಿನ ಉಳಿದೆಲ್ಲವೂ ಹಿಂದೆ ಸರಿದಿದೆಯೇ, ಹಾನಿಯನ್ನು ಕಂಡ ಮೇಲೂ ಬಿಡಲಾಗುತ್ತಿಲ್ಲವೇ ಎಂಬುದನ್ನು. ಅಂತಹ ಅವಸ್ಥೆಗೆ ಬಂದವರು ಇದ್ದೇ ಇದ್ದಾರೆ. ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲಿಯೇ ಅವರಿಗಾಗಿ 'ಶಟ್' ಎಂಬ ಕ್ಲಿನಿಕ್ಕನ್ನು ತೆರೆಯಿತು.

ಆದರೆ ಉಳಿದ ಅಸಂಖ್ಯ ಮಕ್ಕಳನ್ನು ವ್ಯಸನಿಗಳೆಂದು ಕರೆಯುವ ಮುನ್ನ, ಗೆಳೆಯರ ಮೆಚ್ಚುಗೆಗಾಗಿ ಹಂಬಲಿಸುವ ಆ ವಯೋಸಹಜವಾದ ಆಕಾಂಕ್ಷೆಯನ್ನೇ ಬಂಡವಾಳವಾಗಿಸಿಕೊಂಡು, ಎಷ್ಟು ಸರಿಸಿದರೂ ಕೊನೆಗಾಣದ ಪುಟಗಳನ್ನು ಬುದ್ಧಿಪೂರ್ವಕವಾಗಿ ನಿರ್ಮಿಸಿದ ವಯಸ್ಕರನ್ನು ನಾವೇಕೆ ಮೊದಲು ಪ್ರಶ್ನಿಸಬಾರದು? ದೋಷದ ಬಹುಭಾಗವು ಅವರಿಗೇ ಸಲ್ಲತಕ್ಕದ್ದೆಂಬುದು ನನ್ನ ದೃಢವಾದ ಅಭಿಪ್ರಾಯ.

ಮನೆಯಲ್ಲಿ ಹರೆಯದ ಮಕ್ಕಳಿರುವ ಮಿತ್ರರು ಏನನ್ನುವಿರಿ? ಅವರ ನಿದ್ರೆ, ಆಟ, ಗೆಳೆತನಗಳು ನಿಜವಾಗಿಯೂ ಕೆಟ್ಟಿವೆಯೇ, ಅಥವಾ ನಮ್ಮ ಕಣ್ಣಿಗೆ ಮೊಬೈಲೊಂದೇ ಕಾಣುತ್ತಿದೆಯೇ?