ನನ್ನ ಸಾಲು ಬೇರೆ, ಅವರ ಫೈಲು ಬೇರೆ

ಡೆಬಿಯನ್ 12ರಿಂದ 13ಕ್ಕೆ ಏರಿಸುವಾಗ ಎಸ್‌ಎಸ್‌ಎಚ್ ಸರ್ವರ್ ಏನೂ ಕೇಳದೆ ಮುಂದಕ್ಕೆ ಹೋಯಿತು. ‘ನಿಮ್ಮ ಫೈಲು ಇರಲೋ, ಹೊಸದು ಹಾಕಲೋ’ ಎಂದು ಕೇಳುವ ಪರದೆ ಬರಲೇ ಇಲ್ಲ. ನನಗೆ ಅದೇ ಹಬ್ಬ. ಮೂಲ ಕಾನ್ಫಿಗರೇಷನ್ ಫೈಲನ್ನು ನಾನು ಮುಟ್ಟಿಲ್ಲ. ನನಗೆ ಬೇಕಾದ ನಾಲ್ಕು ಸಾಲು ಪಕ್ಕದ ‘ಡಾಟ್ ಡಿ’ ಡೈರೆಕ್ಟರಿಯಲ್ಲಿ ಬೇರೆ ಫೈಲಾಗಿ ಕೂತಿವೆ. ಪ್ಯಾಕೇಜಿನವರು ತಮ್ಮದನ್ನು ಬದಲಿಸಿಕೊಂಡರು, ನನ್ನದು ಹಾಗೇ ಉಳಿಯಿತು.

ನನ್ನಂತೆ ಯಡೂರಿನಲ್ಲಿ ಕೂತವರಿಗೆ ಇದು ಬರೀ ಅಚ್ಚುಕಟ್ಟಿನ ಮಾತಲ್ಲ. ನಾನು ನೋಡಿಕೊಳ್ಳುವ ಮಷೀನು ಕಲ್ಲೋಳದಲ್ಲಿದೆ. ಮಹಾರಾಷ್ಟ್ರದ ಘಟ್ಟದಲ್ಲಿ ಮಳೆ ಜೋರಾದರೆ ಕಲ್ಲೋಳ–ಯಡೂರು ಸೇತುವೆ ನೀರಿನಡಿ ಹೋಗುತ್ತದೆ. ಆ ದಿನಗಳಲ್ಲಿ ಒಂದು ಸಾಲು ತಪ್ಪಿ ಎಸ್‌ಎಸ್‌ಎಚ್ ಬಾಗಿಲು ಮುಚ್ಚಿದರೆ ಎಲ್ಲೆಲ್ಲೋ ಸುತ್ತಿಕೊಂಡು ಹೋಗಿ ಆ ಕೀಬೋರ್ಡಿನ ಮುಂದೆ ಕೂರಬೇಕು.

ಆ ಪರದೆ ತೋರಿಸುವ ಡಿಪಿಕೆಜಿ, ಅಂದರೆ ಡೆಬಿಯನ್ನಿನಲ್ಲಿ ಪ್ಯಾಕೇಜು ಹಾಕುವ ಪ್ರೋಗ್ರಾಮು, ಸುಮ್ಮಸುಮ್ಮನೆ ಕೇಳುವಂಥದ್ದಲ್ಲ. ಹಿಂದೆ ತಾನು ಕೊಟ್ಟ ಫೈಲಿನ ಎಂಡಿ5 ಚೆಕ್‌ಸಮ್ ಅದರ ಹತ್ತಿರ ಇರುತ್ತದೆ. ನೀವು ಮುಟ್ಟಿರದಿದ್ದರೆ ಸದ್ದಿಲ್ಲದೆ ಹೊಸದನ್ನು ಹಾಕುತ್ತದೆ. ಪ್ಯಾಕೇಜಿನವರು ಬದಲಿಸಿರದಿದ್ದರೆ ನಿಮ್ಮದನ್ನು ಬಿಡುತ್ತದೆ. ಇಬ್ಬರೂ ಕೈಹಾಕಿದಾಗ ಮಾತ್ರ ನಿಲ್ಲುತ್ತದೆ. ಅಷ್ಟು ಮರ್ಯಾದೆಯಿಂದ ಕೇಳಿದಾಗಲೂ ಓದದೆ ಎಂಟರ್ ಒತ್ತುವುದೆಂದರೇನು! ಎಂಟರ್ ಎಂದರೆ ಹಳೆಯದೇ ಇರಲಿ ಎಂದರ್ಥ. ವರ್ಷಗಟ್ಟಲೆ ಹೀಗೆ ಒತ್ತಿದ ಮಷೀನಿನಲ್ಲಿ ಪ್ರೋಗ್ರಾಮು ಇವತ್ತಿನದು, ಕಾನ್ಫಿಗರೇಷನ್ ಅಜ್ಜನ ಕಾಲದ್ದು. ‘ಡಿ’ ಒತ್ತಿದರೆ ವ್ಯತ್ಯಾಸವೆಲ್ಲ ಕಣ್ಣೆದುರಿಗೇ ಬರುತ್ತದೆ.

‘ಡಾಟ್ ಬ್ಯಾಕ್’ ಮಂದಿ ಈ ಎಂಟರ್ ಒತ್ತುವವರಿಗಿಂತ ಕಷ್ಟ. ಬದಲಿಸುವ ಮೊದಲು ಪಕ್ಕದಲ್ಲೇ ಒಂದು ನಕಲು, ಆಮೇಲೆ ‘ಬ್ಯಾಕ್ 2’, ಆಮೇಲೆ ‘ಬ್ಯಾಕ್ ನ್ಯೂ’. ಯಾವುದು ಯಾಕೆಂದು ಮಾಡಿದವರಿಗೇ ಗೊತ್ತಿಲ್ಲ. ಡೆಬಿಯನ್ನಿನ ಎಂಜಿನ್‌ಎಕ್ಸ್ ‘ಸೈಟ್ಸ್-ಎನೇಬಲ್ಡ್’ ಒಳಗಿನ ಎಲ್ಲ ಫೈಲನ್ನೂ ಓದುತ್ತದೆ, ಹೆಸರಿನ ಬಾಲ ನೋಡುವುದಿಲ್ಲ. ಅಲ್ಲಿ ಬಿಟ್ಟ ನಕಲೂ ಜೀವಂತ ಕಾನ್ಫಿಗರೇಷನ್ನೇ. ‘ಡೂಪ್ಲಿಕೇಟ್ ಡಿಫಾಲ್ಟ್ ಸರ್ವರ್’ ಎಂದು ಎಂಜಿನ್‌ಎಕ್ಸ್ ಏಳದೆ ಕೂತರೆ ಬೈಗುಳವೆಲ್ಲ ಅಪ್‌ಗ್ರೇಡಿಗೆ! ನಕಲು ಬೇಕಿದ್ದರೆ ಜೋಯಿ ಹೆಸ್ ಬರೆದ ಎಟ್ಸಿಕೀಪರ್ ಇದೆ. ಕಾನ್ಫಿಗರೇಷನ್ ಫೈಲುಗಳಿರುವ ಇಡೀ ಎಟ್ಸಿ ಡೈರೆಕ್ಟರಿಯನ್ನೇ ಗಿಟ್‌ನಲ್ಲಿಟ್ಟು, ಆಪ್ಟ್ ಪ್ಯಾಕೇಜು ಹಾಕುವ ಮೊದಲೊಮ್ಮೆ, ಹಾಕಿದ ಮೇಲೊಮ್ಮೆ ತಾನೇ ಕಮಿಟ್ ಮಾಡುತ್ತದೆ. ಗಿಟ್ ನೆನಪಿಡದ ಓನರ್, ಪರ್ಮಿಷನ್‌ಗಳನ್ನೂ ಬರೆದಿಡುತ್ತದೆ. ಪಾಸ್‌ವರ್ಡ್ ಹ್ಯಾಶ್‌ಗಳ ಶ್ಯಾಡೋ ಫೈಲೂ ಅದರೊಳಗೇ ಇರುವುದರಿಂದ ಆ ರೆಪಾಸಿಟರಿಯನ್ನು ಹೊರಗೆಲ್ಲೂ ಪುಶ್ ಮಾಡಬಾರದು. ಕೈಯಾರೆ ಬದಲಿಸಿದ್ದನ್ನು ಕೈಯಾರೆ ಕಮಿಟ್ ಮಾಡಿ, ‘ಯಾಕೆ’ ಎಂದು ಒಂದು ಸಾಲು ಬರೆಯುವಷ್ಟೂ ಪುರುಸೊತ್ತಿಲ್ಲವೇ?

ಇಷ್ಟಾದರೂ ನನಗೆ ಎಲ್ಲಕ್ಕಿಂತ ರುಚಿ ಹತ್ತಿದ್ದು ‘ಡಾಟ್ ಡಿ’ ಫೈಲುಗಳ ಸರದಿಯ ಲೆಕ್ಕ. ಕರ್ನಲ್ ಸೆಟ್ಟಿಂಗುಗಳ ಸಿಸ್‌ಸಿಟಿಎಲ್‌ನಲ್ಲಿ ಹೆಸರಿನ ಸರದಿಯಂತೆ ಕೊನೆಗೆ ಬಂದದ್ದು ಗೆಲ್ಲುತ್ತದೆ. ಅದಕ್ಕೇ ಹೆಸರಿನ ಮುಂದೆ 99 ಇಡುತ್ತಾರೆ. ಎಸ್‌ಎಸ್‌ಎಚ್ ತದ್ವಿರುದ್ಧ, ಮೊದಲು ಕಂಡದ್ದೇ ಗಟ್ಟಿ. ಹೆಸರಿನ ಮುಂದೆ 50 ಇರುವ ಕ್ಲೌಡ್-ಇನಿಟ್ ಫೈಲಿನಲ್ಲಿ ಪಾಸ್‌ವರ್ಡ್ ಲಾಗಿನ್‌ಗೆ ‘ಯೆಸ್’ ಇದ್ದರೆ, ನಿಮ್ಮ 99ರ ‘ನೋ’ ಲೆಕ್ಕಕ್ಕೇ ಇಲ್ಲ. ನಾನು 01 ಇಟ್ಟು, ‘ಎಸ್‌ಎಸ್‌ಎಚ್‌ಡಿ’ಗೆ ದೊಡ್ಡ ‘ಟಿ’ ಕೊಟ್ಟು, ನಿಜಕ್ಕೂ ಜಾರಿಯಲ್ಲಿರುವುದೇನೆಂದು ನೋಡಿಯೇ ರೀಸ್ಟಾರ್ಟ್ ಮಾಡುತ್ತೇನೆ. 2025ರ ಆಗಸ್ಟ್‌ನಲ್ಲಿ ಬಂದ ಈ ಡೆಬಿಯನ್ 13ರಲ್ಲಿ ಇನ್ನೊಂದು ಬದಲಾವಣೆ ಇದೆ: ಬೂಟ್ ಆಗುವಾಗ ‘ಸಿಸ್‌ಸಿಟಿಎಲ್ ಡಾಟ್ ಕಾನ್ಫ್’ ಓದುವುದನ್ನೇ ಸಿಸ್ಟಮ್‌ಡಿ ಬಿಟ್ಟಿದೆ. ಅದರಲ್ಲಿ ಸಾಲು ಬರೆದಿಟ್ಟವರು ಎತ್ತಿ ‘ಸಿಸ್‌ಸಿಟಿಎಲ್ ಡಾಟ್ ಡಿ’ ಒಳಗೆ ಹಾಕಬೇಕು. ಹೊಸ ಫೈಲಿನ ಹೆಸರು ‘ಡಾಟ್ ಕಾನ್ಫ್’ ಎಂದೇ ಮುಗಿಯಲಿ, ಇಲ್ಲದಿದ್ದರೆ ಅದನ್ನೂ ಓದುವುದಿಲ್ಲ.